ಹೆರೆಯಲು ಬಿಡಿ, ನೆಡಲು ಕೊಡಬೇಡಿ: ತೋಡಿನ ಹುಲ್ಲಿನ ಬಗ್ಗೆ ಒಂದು ಬಹಿರಂಗ ಪತ್ರ

ಉಡುಪಿ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪಶುಪಾಲನಾ ಇಲಾಖೆಯ ಅಧಿಕಾರಿಗಳಿಗೆ, ಹಾಲು ಒಕ್ಕೂಟದ ಹಿರಿಯರಿಗೆ, ಗ್ರಾಮ ಪಂಚಾಯತ್ ಸದಸ್ಯರಿಗೆ, ಹಾಗೂ ಗದ್ದೆ ಹಡಿಲು (ಪಾಳು) ಬಿಟ್ಟು ಮುಂಬಯಿ, ಬೆಂಗಳೂರು, ದುಬೈ ಸೇರಿರುವ ನಮ್ಮೂರಿನವರಿಗೆ,

ನಮಸ್ಕಾರ.

ಕಳೆದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಹೈನುಗಾರಿಕೆಯ ಒಂದು ತರಬೇತಿಗೆ ಹೋಗಿದ್ದೆ. ಎರಡು ಭಾಷಣ, ಮಧ್ಯಾಹ್ನದ ಊಟ, ಕೊನೆಗೊಂದು ಗ್ರೂಪ್ ಫೋಟೋ. ಹೊರಡುವಾಗ ಎಲ್ಲರ ಕೈಗೂ ಒಂದೊಂದು ಗೋಣಿಚೀಲ ಕೊಟ್ಟರು. ಒಳಗೆ ಮೊಳದುದ್ದಕ್ಕೆ ಕಡಿದ ಹಸಿ ದಂಟುಗಳು. "ಹಡಿಲು ಬಿದ್ದ ನೀರುಗದ್ದೆಗೆ ಸುಮ್ಮನೆ ಎಸೆದರೂ ಸಾಕು, ಅದರಷ್ಟಕ್ಕೇ ಬರುತ್ತದೆ, ಮತ್ತೆ ಮೇವಿನ ಚಿಂತೆಯೇ ಬೇಡ" ಎಂದರು. ಬಸ್ಸಿನಲ್ಲಿ ಕಾಲಬುಡದಲ್ಲಿ ಇಟ್ಟುಕೊಂಡು ತಂದೆ. ಬಂದವಳು ಕೆಲಸದ ಗಡಿಬಿಡಿಯಲ್ಲಿ ಅದನ್ನು ದನದ ಹಟ್ಟಿಯ ಮೂಲೆಯಲ್ಲಿಟ್ಟು ಮರೆತುಬಿಟ್ಟೆ. ವಾರ ಬಿಟ್ಟು ಬಿಚ್ಚಿ ನೋಡಿದರೆ ಗೋಣಿಯೊಳಗೇ ಗಂಟುಗಂಟಿಗೆ ಬಿಳಿ ಬೇರು ಒಡೆದಿತ್ತು. ಮಣ್ಣೂ ಇಲ್ಲ, ಬೆಳಕೂ ಇಲ್ಲ.

ಅತ್ತೆ ಒಂದು ದಂಟು ಎತ್ತಿಕೊಂಡು, ಗಂಟಿನ ಮೇಲಿನ ರೋಮವನ್ನು ಬೆರಳಲ್ಲಿ ಸವರಿ, "ಇದ್ ನಮ್ಮ್ ತೋಡಂಗಿಪ್ಪು ಹುಲ್ಲೇ ಅಲ್ದಾ? ಇದನ್ನ್ ಬಸ್ಸಂಗ್ ತಂದ್ಯಾ?" ಎಂದು ಕೇಳಿದರು.

ಹೌದು, ಅದೇ ಹುಲ್ಲು. ಕೃಷಿ ಪುಸ್ತಕಗಳಲ್ಲಿ ಪ್ಯಾರಾ ಹುಲ್ಲು ಎಂದು ಬರೆಯುತ್ತಾರೆ, ಎಮ್ಮೆ ಹುಲ್ಲು ಎನ್ನುವವರೂ ಇದ್ದಾರೆ. ನಮ್ಮ ಮನೆಯಲ್ಲಿ ತೋಡಿನ (ಗದ್ದೆ ಬದಿಯ ಸಣ್ಣ ಹಳ್ಳದ) ಹುಲ್ಲು ಎಂದರೆ ಮುಗಿಯಿತು. ಪ್ಯಾರಾ ಎಂಬ ಹೆಸರು ಬಂದದ್ದು ಬ್ರೆಜಿಲ್ ದೇಶದ ಪಾರಾ ಎಂಬ ಪ್ರಾಂತ್ಯದಿಂದ. ಆದರೆ ಅದರ ತವರು ಅದೂ ಅಲ್ಲ, ಆಫ್ರಿಕ. ಮೇವಿಗೆಂದೇ ಜನ ಅದನ್ನು ಒಂದು ಖಂಡದಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋದರು, ಹೋದಲ್ಲೆಲ್ಲ ಅದು ಹಟ್ಟಿಯಿಂದ ಹೊರಗೆ ಹಾರಿ ಕೆರೆ, ತೋಡು, ಜೌಗು ಹಿಡಿಯಿತು. ನಮ್ಮಲ್ಲಿಗೆ ಯಾರು ತಂದರೋ, ನಾನು ಮದುವೆಯಾಗಿ ಬಾರ್ಕೂರಿನ ಕಡೆ ಬರುವಾಗ ಅದು ತೋಡಿನ ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಹಿಂಡು ಇತ್ತು. ಈಗ ತೋಡು ಎಲ್ಲಿದೆ ಎಂದು ಗೊತ್ತಾಗಬೇಕಾದರೆ ಹುಲ್ಲಿನ ಗೀಟು ಹಿಡಿದು ನೋಡಬೇಕು.

ಈ ಪತ್ರ ಬರೆಯುವವಳು ಹುಲ್ಲಿನ ವೈರಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಟ್ಟಿಯಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ದನ, ಒಂದು ಜರ್ಸಿ, ಮತ್ತೆ ಯಾರೂ ಕೇಳದ, ನಾವೂ ಮಾರದ ಒಂದು ಮಲೆನಾಡು ಗಿಡ್ಡ. ಜೂನ್‌ನಿಂದ ಡಿಸೆಂಬರ್ ತನಕ ಇವುಗಳ ಹೊಟ್ಟೆಗೆ ಹೋಗುವ ಹಸಿಮೇವಿನಲ್ಲಿ ಮುಕ್ಕಾಲು ಪಾಲು ಇದೇ ತೋಡಿನ ಹುಲ್ಲು. ದಿನ ಬೆಳಗಾದರೆ ಕತ್ತಿ, ಹಗ್ಗ ಹಿಡಿದು ಹೋಗುವವಳು ನಾನು. ಹಾಗಾಗಿ "ಆಕ್ರಮಣಕಾರಿ ಸಸ್ಯ, ಬೇರುಸಹಿತ ನಿರ್ಮೂಲನೆ ಆಗಬೇಕು" ಎಂದು ಫ್ಯಾನಿನ ಅಡಿಯಲ್ಲಿ ಕುಳಿತು ಹೇಳುವವರ ಸಾಲಿನಲ್ಲಿ ನನಗೆ ಜಾಗ ಇಲ್ಲ. "ಇದೇ ನಾಳೆಯ ಮೇವು, ಎಲ್ಲರೂ ನೆಡಿ" ಎಂದು ಗೋಣಿ ಹಂಚುವವರ ಸಾಲಿನಲ್ಲೂ ನಿಲ್ಲಲಾರೆ. ನಾನು ಕೇಳುವುದು ಇಷ್ಟೇ. ಇರುವುದನ್ನು ಹೆರೆಯಲು, ಅಂದರೆ ಕತ್ತಿಯಲ್ಲಿ ಕೊಯ್ಯಲು, ನಮಗೆ ಅನುಕೂಲ ಮಾಡಿಕೊಡಿ. ಇಲ್ಲದ ಕಡೆಗೆ ಒಂದು ದಂಟನ್ನೂ ಕಳಿಸಬೇಡಿ. ಮೇ ಕೊನೆಯ ಪತ್ತನಾಜೆ ಕಳೆದಿದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ, ಇನ್ನು ಕೆಲವೇ ದಿನಗಳಲ್ಲಿ ಮಳೆಗಾಲ. ದಂಟು ಹಂಚುವ ಕಾಲವೂ ಇದೇ ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ಮೇವಿನ ಕಷ್ಟ ಎಷ್ಟಿದೆ ಎಂಬುದು ಹಾಲು ಒಕ್ಕೂಟದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹಿಂದೆ ತಗ್ಗಿನ ಬೈಲು, ನಡುಮಟ್ಟದ ಮಜಲು, ಎತ್ತರದ ಬೆಟ್ಟು ಮೂರೂ ಕಡೆ ಭತ್ತ ಇತ್ತು, ಅಂಗಳದಲ್ಲಿ ಹುಲ್ಲಿನ ಕುತ್ರಿ ಇತ್ತು, ಮುಂದಿನ ಕೊಯ್ಲಿನ ತನಕ ಬೈಹುಲ್ಲಿಗೆ ಬರ ಇರಲಿಲ್ಲ. ಈಗ ಅಕ್ಟೋಬರಿನ ಮಳೆಯಲ್ಲೇ ಕಟಾವು ಮಿಷನ್ ಬರುತ್ತದೆ, ಭತ್ತವನ್ನು ಕೊಂಡುಹೋಗುತ್ತದೆ, ಹುಲ್ಲನ್ನು ಕೆಸರಿನಲ್ಲಿ ಉಗುಳಿ ಹೋಗುತ್ತದೆ. ಎರಡು ಬಿಸಿಲು ಸಿಕ್ಕಿದರೆ ಪುಣ್ಯ, ಸಿಗದಿದ್ದರೆ ಅದು ಬೂಸ್ಲು ಹಿಡಿದು ಗದ್ದೆಯಲ್ಲೇ ಗೊಬ್ಬರ. ಬೇಸಿಗೆಗೆ ಬೈಹುಲ್ಲು ಘಟ್ಟದ ಮೇಲಿಂದ ಲಾರಿಯಲ್ಲಿ ಇಳಿಯಬೇಕು. ಹಿಂಡಿಯ ದರ ಒಂದು ದಿಕ್ಕು, ಹಾಲಿನ ದರ ಒಂದು ದಿಕ್ಕು. ಇಂಥ ಹೊತ್ತಿನಲ್ಲಿ ಕಾಸು ಕೊಡದೆ, ಬೀಜ ಬಿತ್ತದೆ, ಗೊಬ್ಬರ ಹಾಕದೆ ಎದೆಮಟ್ಟ ಬೆಳೆದು ನಿಂತ ಹುಲ್ಲನ್ನು ಬಿಟ್ಟು ಬರಲು ಯಾರಿಗೆ ಮನಸ್ಸು ಬರುತ್ತದೆ? ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುವ ಯಜಮಾನರ ಲೆಕ್ಕ ಬೇರೆ. ನಮ್ಮದು ಹತ್ತು ದಿನಕ್ಕೊಮ್ಮೆ ಹಾಲಿನ ಸೊಸೈಟಿಯ ಬಿಲ್ಲು ನೋಡುವ ಲೆಕ್ಕ.

ಆ ಬಿಲ್ಲಿನ ಲೆಕ್ಕದಲ್ಲೇ ಈ ಹುಲ್ಲು ಮೊದಲ ಪಾಠ ಕಲಿಸಿದ್ದು. ಎಳೆಯದಿದ್ದಾಗ ಇದರಲ್ಲಿ ನೀರು ಬಿಟ್ಟು ಉಳಿಯುವ ಒಣ ಅಂಶದಲ್ಲಿ ಸಸಾರಜನಕ (ಪ್ರೋಟೀನ್) ನೂರಕ್ಕೆ 10ರ ಆಸುಪಾಸು ಇರುತ್ತದೆ. ಬೈಹುಲ್ಲಿನಲ್ಲಿ ಅದು 3ರಿಂದ 4. ಈ ಲೆಕ್ಕ ಕೇಳಿದವರು ಹಿಗ್ಗುತ್ತಾರೆ. ಆದರೆ ಮಳೆಗಾಲದ ಎಳೆ ಹುಲ್ಲಿನಲ್ಲಿ ನೂರಕ್ಕೆ 75ರಿಂದ 80 ಪಾಲು ನೀರು. ಬೆನ್ನು ಬಾಗಿಸಿ 30 ಕಿಲೋ ಹೊತ್ತು ತಂದರೆ ಅದರಲ್ಲಿ ತಿನ್ನುವ ಸತ್ವ 6–7 ಕಿಲೋ, ಉಳಿದದ್ದು ತೋಡಿನ ನೀರನ್ನೇ ಹಟ್ಟಿಗೆ ಹೊತ್ತ ಹಾಗೆ. 400 ಕಿಲೋ ತೂಕದ ಹಾಲು ಕೊಡುವ ದನಕ್ಕೆ ದಿನಕ್ಕೆ 10ರಿಂದ 12 ಕಿಲೋ ಒಣ ಅಂಶ ಬೇಕು. ನಾನು ಮೊದಲ ವರ್ಷ ಹಸಿಹುಲ್ಲನ್ನೇ ಸುರಿದೆ. ಹಾಲು ಏರಿತು, ಸೆಗಣಿ ತೆಳ್ಳಗಾಯಿತು, ಫ್ಯಾಟ್ ಬಿತ್ತು. ಸೊಸೈಟಿಯ ಹುಡುಗ "ಅಕ್ಕ, ನೀರು ಹಾಕಿದ್ರಾ?" ಎಂದು ನಗುತ್ತಾ ಕೇಳಿದ. ನಗುತ್ತಾ ಕೇಳಿದ್ದಾದರೂ ಮನಸ್ಸಿಗೆ ಚುಚ್ಚಿತು. ಆಮೇಲೆ ಕತ್ತರಿಸಿದ ಬೈಹುಲ್ಲಿನ ಜೊತೆ ಬೆರೆಸಿ ಹಾಕಿದೆ, ಸರಿಹೋಯಿತು. ಇನ್ನು ಹೂ ಬಂದ ಮೇಲೆ ಹೆರೆದರೆ ದಂಟು ಕಟ್ಟಿಗೆ. ದನ ಎಲೆ ಹೆಕ್ಕಿ ತಿಂದು ದಂಟನ್ನು ಕಾಲಡಿಗೆ ಹಾಕುತ್ತದೆ. ಆ ದಂಟು ಸೆಗಣಿಯ ಜೊತೆ ಗೊಬ್ಬರದ ಗುಂಡಿಗೆ, ಗುಂಡಿಯಿಂದ ಗದ್ದೆಗೆ. ಇದು ಎಲ್ಲಿ ಮುಟ್ಟುತ್ತದೆ ಎಂದು ಮುಂದೆ ಹೇಳುತ್ತೇನೆ.

ಎರಡನೆಯ ಪಾಠ ದೊಡ್ಡದು. ನಮ್ಮ ಕಾವೇರಿ ಎಂಬ ದನ ಒಂದು ವರ್ಷ ದೀಪಾವಳಿ ಕಳೆದ ಮೇಲೆ ಸುಮ್ಮನೆ ಬಡಕಲಾಗುತ್ತಾ ಬಂತು. ತಿನ್ನುತ್ತಿತ್ತು, ಆದರೆ ಮೈ ಹಿಡಿಯುತ್ತಿರಲಿಲ್ಲ. ಹಾಲು ಅರ್ಧಕ್ಕೆ ಇಳಿಯಿತು. ಒಂದು ಬೆಳಿಗ್ಗೆ ನೋಡಿದರೆ ದವಡೆಯ ಕೆಳಗೆ ನೀರು ತುಂಬಿದ ಚೀಲ ಜೋತುಬಿದ್ದಂತೆ ಬಾವು. ಡಾಕ್ಟರು ಬಂದು ಕಣ್ಣಿನ ಒಳರೆಪ್ಪೆ ಬಿಡಿಸಿ ನೋಡಿದರು, ಬಿಳಿಚಿತ್ತು. ಸೆಗಣಿ ಪರೀಕ್ಷೆ ಮಾಡಿಸಿದರು. ಪಿತ್ತಜನಕಾಂಗದ ಹುಳ. ಲಿವರ್ ಫ್ಲೂಕ್ ಎಂದರೆ ಹೈನುಗಾರರಿಗೆಲ್ಲ ಗೊತ್ತು, ಎಲೆಯ ಹಾಗೆ ಚಪ್ಪಟೆ ಇರುತ್ತದೆ. "ಹುಲ್ಲು ಎಲ್ಲಿಂದ ತರ್ತೀರಿ?" ಎಂದು ಕೇಳಿದರು. ತೋಡು ತೋರಿಸಿದೆ. "ನೀರಿನೊಳಗೆ ಕೈ ಹಾಕಿ ಬುಡದಿಂದ ಹೆರೀತೀರಿ, ಅಲ್ವಾ?" ಎಂದರು. ಹೌದು. ಬುಡದಿಂದ ಹೆರೆದರೆ ಹೊರೆ ಬೇಗ ತುಂಬುತ್ತದೆ, ಯಾರು ತಾನೇ ಮೇಲೆ ಮೇಲೆ ಹೆರೆಯುತ್ತಾರೆ?

ಅವರು ಹಟ್ಟಿಯ ಕಟ್ಟೆಯ ಮೇಲೆ ಕುಳಿತು ವಿವರಿಸಿದ್ದನ್ನು ಇಲ್ಲಿ ಹೇಳುತ್ತೇನೆ, ಏಕೆಂದರೆ ಗೋಣಿ ಹಂಚಿದ ದಿನ ಇದನ್ನು ಯಾರೂ ಹೇಳಲಿಲ್ಲ. ಹುಳದ ಮೊಟ್ಟೆ ಸೆಗಣಿಯಲ್ಲಿ ಹೊರಬರುತ್ತದೆ. ಆ ಸೆಗಣಿ ನೀರಿಗೆ ಸೇರಿದರೆ ಮೊಟ್ಟೆ ಒಡೆದು ಮರಿ ಒಂದು ಜಾತಿಯ ಸಣ್ಣ ಬಸವನಹುಳದ ಮೈ ಹೊಕ್ಕು ಅಲ್ಲಿ ಸಂತಾನ ಹೆಚ್ಚಿಸಿಕೊಳ್ಳುತ್ತದೆ. ಹೊರಬಂದ ಮೇಲೆ ನೀರಿನ ಮಟ್ಟದಲ್ಲಿ ಇರುವ ಹುಲ್ಲಿನ ದಂಟಿಗೆ ಅಂಟಿ, ಕಣ್ಣಿಗೆ ಬೀಳದಷ್ಟು ಸಣ್ಣ ಗುಳ್ಳೆ ಕಟ್ಟಿಕೊಂಡು ಕಾಯುತ್ತದೆ. ನಾವು ಆ ದಂಟನ್ನೇ ಹೆರೆದು ತಂದು ದನದ ಬಾಯಿಗೆ ಇಡುತ್ತೇವೆ. ತೋಡಿನ ನೀರಿಗೆ ಹಟ್ಟಿ ತೊಳೆದ ನೀರು ಬಿಟ್ಟವರೂ ನಾವೇ, ಅದೇ ತೋಡಿನ ಹುಲ್ಲು ತಂದವರೂ ನಾವೇ. ಮಾತ್ರೆ ಕೊಟ್ಟು ಕಾವೇರಿ ಉಳಿಯಿತು, ಆದರೆ ಆ ಸೂಲಿನ ಹಾಲು ಮತ್ತೆ ಮೊದಲಿನಂತೆ ಆಗಲಿಲ್ಲ. ಅಂದಿನಿಂದ ನೀರಿನ ಮಟ್ಟದಿಂದ ಒಂದು ಗೇಣು ಮೇಲಕ್ಕೆ ಹೆರೆಯುತ್ತೇನೆ. ಬಿಸಿಲಿದ್ದರೆ ತಂದ ಹುಲ್ಲನ್ನು ಅಂಗಳದಲ್ಲಿ ಹರಡಿ ಬಾಡಿಸಿಯೇ ಹಾಕುತ್ತೇನೆ, ಅದರಿಂದ ನೀರೂ ಇಳಿಯುತ್ತದೆ. ಬಾಡಿದ ಮಾತ್ರಕ್ಕೆ ಗುಳ್ಳೆ ಎಲ್ಲ ಸಾಯುವುದಿಲ್ಲ, ಆದ್ದರಿಂದ ಜಂತಿನ ಮದ್ದು ತಪ್ಪಿಸುವುದಿಲ್ಲ.

ದನದ ಕಥೆ ಹೀಗಾದರೆ ಹೆರೆಯುವವರ ಕಥೆ ಇಲಿಜ್ವರ. ಮಳೆಗಾಲದಲ್ಲಿ ಉಡುಪಿ, ಮಂಗಳೂರಿನ ಆಸ್ಪತ್ರೆಗಳಲ್ಲಿ ಅದಕ್ಕೆ ಮಲಗಿದವರಲ್ಲಿ ಗದ್ದೆ ಕೆಲಸದವರೇ ಹೆಚ್ಚು. ಇಲಿ ಮೂತ್ರ ಬೆರೆತ ನೀರು, ಹುಲ್ಲಿನ ಅಲಗು ಗೀರಿದ ಕಾಲು. ಗಂಬೂಟು ಹಾಕಿಕೊಂಡು ಹೋದರೆ ಊರವರು "ಪೊಲೀಸ್ ಆದ್ಯಾ?" ಎಂದು ತಮಾಷೆ ಮಾಡುತ್ತಾರೆ. ಮಾಡಲಿ.

ಮೂರನೆಯದು ಕೊಳಚೆ. ಪೇಟೆಯ ಕೊಳಚೆ ಸೇರುವ ತೋಡುಗಳಲ್ಲಿ ಈ ಹುಲ್ಲು ಕಪ್ಪುಹಸಿರಾಗಿ, ಬೆರಳು ದಪ್ಪ ಬೆಳೆಯುತ್ತದೆ. ಯಾವ ಪೇಟೆ ಎಂದು ಹೇಳುವ ಅಗತ್ಯ ಇಲ್ಲ, ಬಸ್ಸಿನ ಕಿಟಕಿಯಿಂದ ಮೂಗಿಗೇ ಗೊತ್ತಾಗುತ್ತದೆ. ನೋಡಿದರೆ ಹೆರೆಯಬೇಕು ಎನಿಸುತ್ತದೆ, ಹೆರೆಯುವವರೂ ಇದ್ದಾರೆ. ಸಾರಜನಕ ಅತಿಯಾದಲ್ಲಿ ಬೆಳೆದ ಹುಲ್ಲು ನೈಟ್ರೇಟನ್ನು ದಂಟಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ದನದ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ ರಕ್ತ ಉಸಿರನ್ನು ಹೊರಲಾರದೆ ಚಾಕಲೇಟ್ ಬಣ್ಣಕ್ಕೆ ತಿರುಗುತ್ತದೆ. ಏದುಸಿರು, ನಡುಕ, ಡಾಕ್ಟರು ಬರುವ ಮೊದಲೇ ಮುಗಿಯುವುದೂ ಉಂಟು. ಒಣಗಿಸಿದರೂ ನೈಟ್ರೇಟ್ ಹೋಗುವುದಿಲ್ಲ. ಬರಗಾಲದ ಬಳಿಕ ಮೊದಲ ಮಳೆಗೆ ರಭಸದಲ್ಲಿ ಚಿಗುರಿದ ಹುಲ್ಲಿಗೂ ಇದೇ ಗುಣ, ಹಸಿದ ದನಕ್ಕೆ ಅದನ್ನು ಒಮ್ಮೆಲೇ ಹೊಟ್ಟೆ ತುಂಬ ಹಾಕಬಾರದು. ಸಾಲದ್ದಕ್ಕೆ ಈ ಹುಲ್ಲು ಭಾರಲೋಹಗಳನ್ನು ಹೀರುವುದರಲ್ಲಿ ಗಟ್ಟಿಗ. ಕ್ರೋಮಿಯಂ ಬೆರೆತ ಮಣ್ಣು, ನೀರು ಶುದ್ಧ ಮಾಡಲು ವಿಜ್ಞಾನಿಗಳು ಇದನ್ನೇ ಬೆಳೆಸಿ ನೋಡಿದ್ದಾರೆ. ಹೊಲಸು ಹೀರಲು ನೆಟ್ಟ ಹುಲ್ಲನ್ನು ಆಮೇಲೆ ಯಾರ ಬಾಯಿಗೆ ಇಡುವುದು? ಕೊಳಚೆ ತೋಡುಗಳ ಪಕ್ಕ "ಇಲ್ಲಿಯ ಹುಲ್ಲು ಜಾನುವಾರಿಗೆ ಬೇಡ" ಎಂದು ಒಂದು ಬೋರ್ಡು ಹಾಕಿಸಿ. ಸೊಸೈಟಿಗೆ ವರ್ಷಕ್ಕೊಂದು ಸಲವಾದರೂ ಮೇವಿನ ನೈಟ್ರೇಟ್ ಪರೀಕ್ಷೆ ಮಾಡಿಸಿ. ನೆಡುವ ಯೋಜನೆಗೆ ಹಾಕುವ ಹಣದಲ್ಲಿ ಇದಕ್ಕೆ ಬೇಕಾದದ್ದು ಚಿಲ್ಲರೆ.

ಇಷ್ಟೆಲ್ಲ ಇದ್ದರೂ ಎಚ್ಚರದಿಂದ ಹೆರೆದರೆ ಇದು ಒಳ್ಳೆಯ ಮೇವೇ. ಹಾಗಾದರೆ ನೆಟ್ಟರೆ ಏನು ತಪ್ಪು ಎಂದು ನೀವು ಕೇಳಬಹುದು. ನನ್ನ ಗಂಡನೂ ಕೇಳಿದ್ದರು. ಆಗ ಅತ್ತೆಯೇ ಒಳಗಿಂದ ಉತ್ತರ ಕೊಟ್ಟರು: "ದನ ತಿಂತ್ ಅಂದೇಳಿ ಗದ್ದಿಗ್ ತಪ್ಪುಕ್ ಆತ್ತಾ?" (ದನ ತಿನ್ನುತ್ತದೆ ಎಂದು ಗದ್ದೆಗೆ ತರಲು ಆಗುತ್ತದೆಯೇ?)

ನಮ್ಮ ಮನೆಯಿಂದ ಕೆಳಗಿನ ಬೈಲಿನಲ್ಲಿ ಹತ್ತು ವರ್ಷ ಹಡಿಲು ಬಿದ್ದ ಒಂದು ಗದ್ದೆ ಇದೆ. ಪಕ್ಕದ ಮನೆಯ ಹುಡುಗ ಗಲ್ಫ್ ಬಿಟ್ಟು ಬಂದವನು, ಬೇಸಾಯ ಮಾಡುತ್ತೇನೆ ಎಂದು ಉತ್ಸಾಹದಲ್ಲಿ ಟಿಲ್ಲರ್ ಇಳಿಸಿದ. ತೋಡಿನ ಹುಲ್ಲಿನ ಒಂದೊಂದು ಬಳ್ಳಿ ನೆಲದ ಮೇಲೆ ಮಾರುಗಟ್ಟಲೆ ಹರಿದಿರುತ್ತದೆ, ಗೇಣಿಗೊಂದು ಗಂಟು, ಗಂಟಿಗೊಂದು ಬೇರು. ಟಿಲ್ಲರಿನ ಹಲ್ಲು ಅದನ್ನು ತುಂಡುತುಂಡು ಮಾಡಿ ಗದ್ದೆಯಿಡೀ ಸಮನಾಗಿ ಬಿತ್ತಿತು. ನಾಟಿ ಮಾಡಿದ ಎಂ.ಒ.4 ತಳಿಯ ಭತ್ತದ ಸಸಿ ಬೇರು ಹಿಡಿಯುವಷ್ಟರಲ್ಲಿ ಹುಲ್ಲು ಅದರ ತಲೆ ಮೇಲಿತ್ತು. ಕೂಲಿ ಕೊಟ್ಟು ಎರಡು ಸಲ ಕಳೆ ತೆಗೆಸಿದ. ತೆಗೆದದ್ದನ್ನು ಹುಣಿಯ (ಗದ್ದೆಯ ಬದುವಿನ) ಮೇಲೆ ರಾಶಿ ಹಾಕಿಸಿದ, ಆಟಿ ತಿಂಗಳ ಮಳೆಗೆ ಹುಣಿಯ ಮೇಲೂ ಅದು ಚಿಗುರಿತು. ಈಗ ಅವನು ಕುಂದಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಈ ಹುಲ್ಲು ಬೀಜದಿಂದ ಬರುವುದು ಕಡಿಮೆ, ಅದಕ್ಕೆ ಬೀಜದ ಹಂಗೇ ಇಲ್ಲ. ನೆರೆ ಬಂದಾಗ ಒಂದು ತುಂಡು ಕಿತ್ತು ತೇಲಿಹೋದರೆ ಸಾಕು. ನನ್ನ ಗದ್ದೆಯಲ್ಲಿ ನಾನು ನೆಟ್ಟರೆ ಅದು ನನ್ನ ಗದ್ದೆಯಲ್ಲೇ ಇರುತ್ತದೆ ಎಂದು ಬರೆದುಕೊಡಲು ಆಗುವುದಿಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು, ನಮ್ಮ ನೀರು ಕೆಳಗಿನ ಗದ್ದೆಯವರಿಗೆ, ಅವರ ನೀರು ಸೀತಾನದಿಗೆ.

2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದದ್ದು ನಿಮಗೆಲ್ಲ ನೆನಪಿರಬೇಕು. ಆಗಿನ ಶಾಸಕ ಕೆ. ರಘುಪತಿ ಭಟ್ಟರ ಮುಂದಾಳುತನದಲ್ಲಿ, ಕೇದಾರೋತ್ಥಾನ ಟ್ರಸ್ಟಿನ ಮೂಲಕ ವರ್ಷಗಟ್ಟಲೆ ಪಾಳು ಬಿದ್ದ ಗದ್ದೆಗಳನ್ನು ಉತ್ತು, ಅಕ್ಕಿಯನ್ನು 'ಉಡುಪಿ ಕೇದಾರ ಕಜೆ' ಎಂಬ ಹೆಸರಲ್ಲಿ ಮಾರಿದ್ದರು. ಅದರ ಲಾಭನಷ್ಟದ ಚರ್ಚೆ ಇಲ್ಲಿ ಬೇಡ. ಆದರೆ ಹಡಿಲು ಗದ್ದೆಗೆ ಮತ್ತೆ ಭತ್ತ ಬರಬಹುದು ಎಂಬ ಆಸೆಯನ್ನು ಒಂದು ಕೈ ಇಟ್ಟುಕೊಂಡಿರುವಾಗ, ಇನ್ನೊಂದು ಕೈ ಅದೇ ಗದ್ದೆಗೆ ಗೋಣಿಯಲ್ಲಿ ದಂಟು ಕಳಿಸುವುದು ನನಗೆ ಅರ್ಥವಾಗುವುದಿಲ್ಲ.

ಹುಲ್ಲಿಗೂ ಬಾಯಿಗೂ ಇರುವ ಸಂಬಂಧದ ಬಗ್ಗೆ ಒಂದು ಮಾತು. ರಾಜಸ್ಥಾನದ ಭರತ್‌ಪುರದ ಪಕ್ಷಿಧಾಮದಲ್ಲಿ 1982ರಲ್ಲಿ ಎಮ್ಮೆ, ದನ ಮೇಯಿಸುವುದನ್ನು ನಿಲ್ಲಿಸಿದರು. ಹಳ್ಳಿಯವರು ಎದ್ದುನಿಂತರು, ಗೋಲಿಬಾರ್ ಆಯಿತು, ಜನ ಸತ್ತರು. ಹಕ್ಕಿಗಳಿಗೆ ಒಳ್ಳೆಯದಾಗಲಿ ಎಂದು ಮಾಡಿದ ಕೆಲಸ ಅದು. ಆದದ್ದೇ ಬೇರೆ. ಎಮ್ಮೆಗಳು ಹೋದ ಮೇಲೆ ಒಂದು ಜಾತಿಯ ನೀರುಹುಲ್ಲು ಕೆರೆಗಳನ್ನೇ ಹೊದ್ದುಕೊಂಡಿತು, ಹಕ್ಕಿಗೆ ಈಜಲು, ಮೀನು ಹಿಡಿಯಲು ಬಯಲು ನೀರು ಉಳಿಯಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವರ್ಷಗಟ್ಟಲೆ ಅಲ್ಲಿ ಅಧ್ಯಯನ ಮಾಡಿ ಎಮ್ಮೆಯ ಬಾಯಿಗೆ ಅಲ್ಲಿ ಕೆಲಸ ಇತ್ತು ಎಂದು ಒಪ್ಪಿಕೊಂಡರು. ಮುಂದೆ ಹಳ್ಳಿಯವರಿಗೆ ಒಳಗೆ ಬಂದು ಹುಲ್ಲು ಕೊಯ್ದುಕೊಂಡು ಹೋಗಲು ಬಿಟ್ಟರು. ಆಸ್ಟ್ರೇಲಿಯಾದ ಕಾಕಡು ಎಂಬಲ್ಲಂತೂ ಇದೇ ನಮ್ಮ ತೋಡಿನ ಹುಲ್ಲು. ರೋಗ ಹರಡುತ್ತದೆ ಎಂದು 1980ರ ದಶಕದಲ್ಲಿ ಕಾಡೆಮ್ಮೆಯಂತೆ ತಿರುಗುತ್ತಿದ್ದ ಎಮ್ಮೆಗಳನ್ನು ಕೊಂದು ಮುಗಿಸಿದರು, ಆ ಮೇಲೆ ಹುಲ್ಲು ನೆರೆಬಯಲಿನ ಕಾಡುಭತ್ತವನ್ನು ಒತ್ತರಿಸಿ ಹಬ್ಬಿತು. ಕಾಡುಭತ್ತ ತಿನ್ನುವ ಬಾತುಗಳು ಅಲ್ಲಿಂದ ಕಾಲ್ತೆಗೆದವು.

ನಮ್ಮಲ್ಲಿ ಯಾರೂ ಯಾವುದನ್ನೂ ಕೊಲ್ಲಲಿಲ್ಲ. ಟಿಲ್ಲರ್ ಬಂತು, ಕೋಣಗಳು ಹೋದವು. ನಾನು ಬಂದಾಗ ನಮ್ಮ ಬೈಲಿನಲ್ಲಿ ಮನೆಗೊಂದು ಜೊತೆ ಕೋಣವೋ ಎತ್ತೋ ಇತ್ತು. ಉಳುವಾಗ ಉತ್ತವು, ಉಳಿದ ಹೊತ್ತಿನಲ್ಲಿ ಹುಣಿ, ತೋಡಿನ ಬದಿ ಎಲ್ಲ ಅವುಗಳೇ ಬೋಳಿಸುತ್ತಿದ್ದವು. ಈಗ ಬೈಲಿಗೆಲ್ಲ ಸೇರಿ ಮೂರು ಹಟ್ಟಿಗಳಲ್ಲಿ ದನ ಇದೆ. ಹುಲ್ಲು ಹೆಚ್ಚಾಯಿತು ಎನ್ನುತ್ತೇವೆ, ಬಾಯಿ ಕಡಿಮೆಯಾದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುಡ್ಡದ ಮೇಲಿನ ಪದವಿನ (ಬಯಲಿನ) ಮುಳಿಹುಲ್ಲಿನ ಪಾಡೂ ಇದೇ. ಮನೆಯ ಮಾಡಿಗೆ (ಛಾವಣಿಗೆ) ಹೊದೆಸಲು ಕೊಯ್ಯುತ್ತಿದ್ದೆವು, ಹಂಚು ಬಂದ ಮೇಲೆ ಕೇಳುವವರಿಲ್ಲ, ಮಾರ್ಚ್‌ನಲ್ಲಿ ಯಾರದೋ ಬೀಡಿಯ ಕಿಡಿಗೆ ಗುಡ್ಡಕ್ಕೆ ಗುಡ್ಡವೇ ಕಪ್ಪು.

ಆದ್ದರಿಂದ ನಮ್ಮ ಕತ್ತಿಯೇ ಈಗ ಆ ಕೋಣದ ಬಾಯಿ. ಅದಕ್ಕೆ ಬಲ ಕೊಡಿ ಎಂಬುದು ನನ್ನ ಬೇಡಿಕೆ. ಸೊಸೈಟಿಗೆ ಒಂದರಂತೆ ಹೆಗಲಿಗೆ ಹಾಕುವ ಹುಲ್ಲು ಹೆರೆಯುವ ಮಿಷನ್, ಮೇವು ಕತ್ತರಿಸುವ ಒಂದು ಚಾಫ್ ಕಟ್ಟರ್ ಕೊಡಿಸಿ, ಬಾಡಿಗೆಗೆ ಸರದಿಯಲ್ಲಿ ಬಳಸುತ್ತೇವೆ. ಸಹಾಯಧನದ ಯಂತ್ರ ಒಬ್ಬೊಬ್ಬರ ಮನೆಯಲ್ಲಿ ತುಕ್ಕು ಹಿಡಿಯುವುದನ್ನು ನೋಡಿದ್ದೇನೆ, ಅದಕ್ಕೇ ಸೊಸೈಟಿಗೆ ಎನ್ನುತ್ತಿದ್ದೇನೆ. ಕತ್ತರಿಸಿ ಹಾಕಿದರೆ ದಂಟು ಕಾಲಡಿಗೆ ಬೀಳುವುದಿಲ್ಲ, ಬಿದ್ದರೂ ಗಂಟಿಲ್ಲದ ಚೂರು ಚಿಗುರುವುದಿಲ್ಲ. ಗೊಬ್ಬರದ ಗುಂಡಿಯಿಂದ ಗದ್ದೆಗೆ ಹೋಗುವ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು. ಮಳೆ ನಿಂತು ಬಿಸಿಲು ಬರುವ ಅಕ್ಟೋಬರ್, ನವೆಂಬರಿನಲ್ಲಿ ಹೆರೆದು ಅರ್ಧ ದಿನ ಬಾಡಿಸಿ, ಕತ್ತರಿಸಿದ ಬೈಹುಲ್ಲು, ಸ್ವಲ್ಪ ಬೆಲ್ಲದ ನೀರು ಸೇರಿಸಿ ಡ್ರಮ್ಮಿನಲ್ಲಿ ತುಳಿದು ಗಾಳಿಯಾಡದಂತೆ ಮುಚ್ಚಿದರೆ ಏಪ್ರಿಲ್‌ಗೆ ರಸಮೇವು (ಸೈಲೇಜ್). ಈ ಹುಲ್ಲಿನಲ್ಲಿ ನೀರು ಜಾಸ್ತಿ, ಸಕ್ಕರೆ ಕಡಿಮೆ, ದಂಟು ಟೊಳ್ಳು. ಹಾಗೆಯೇ ತುಂಬಿದರೆ ಕೊಳೆತು ನಾರುತ್ತದೆ, ನನ್ನ ಮೊದಲ ಡ್ರಮ್ಮು ಬಿಚ್ಚಿದ ದಿನ ಪಕ್ಕದ ಮನೆಯವರು ಇಲಿ ಸತ್ತಿದೆ ಎಂದು ಮಾಡು ಹುಡುಕಿದರು. ತರಬೇತಿ ಕೊಡುವುದಾದರೆ ಇಂಥದಕ್ಕೆ ಕೊಡಿ.

ಪಂಚಾಯತಿನವರಲ್ಲಿ ಒಂದು ಕೋರಿಕೆ. ತೋಡಿನ ಹೂಳೆತ್ತಲು ಜೆಸಿಬಿ ತರುವ ಹಿಂದಿನ ವಾರ ಸೊಸೈಟಿಯ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿ. ನಾವು ಮೇಲಿನ ಹುಲ್ಲು ಹೆರೆದುಕೊಂಡು ಹೋಗುತ್ತೇವೆ. ಆಮೇಲೆ ಬುಡ ಕೀಳಿಸಿ, ಕಿತ್ತದ್ದನ್ನು ತೋಡಿನ ದಂಡೆಯಲ್ಲೇ ರಾಶಿ ಹಾಕಿಸದೆ ಎತ್ತರದ ಒಣ ಜಾಗಕ್ಕೆ ಸಾಗಿಸಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಾಡಿದರೆ ಸಾಯುತ್ತದೆ, ಜೂನ್ ಹತ್ತಕ್ಕೆ ಮಾಡಿದರೆ ನೆಟ್ಟ ಹಾಗೆ. ಬಿಲ್ಲು ಮಾತ್ರ ಎರಡಕ್ಕೂ ಒಂದೇ. ಹುಲ್ಲಿಗೆ ಕಳೆನಾಶಕ ಹೊಡೆಸುವುದಾದರೆ ದಯವಿಟ್ಟು ಮುಂಚಿತವಾಗಿ ಹೇಳಿ. ಹೊಡೆದ ಮರುದಿನವೂ ಅದು ಹಸಿರಾಗಿಯೇ ಕಾಣುತ್ತದೆ.

ಹೊಸದಾಗಿ ಮೇವು ಬೆಳೆಸಬೇಕು ಎಂದಿದ್ದರೆ ದಾರಿ ಇದೆ. ಬೆಟ್ಟು ಜಾಗಕ್ಕೆ, ತೆಂಗಿನ ತೋಟದ ಬದಿಗೆ ಹೈಬ್ರಿಡ್ ನೇಪಿಯರ್ ಇದೆ. ಕೊಯಮತ್ತೂರಿನ ಸಿಒ-4, ಧಾರವಾಡದ ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6 ನಮ್ಮ ಕಡೆಯೂ ಬರುತ್ತವೆ. ಅವುಗಳ ಬೀಜ ಬಂಜೆ, ನೆಟ್ಟ ಜಾಗ ಬಿಟ್ಟು ನೆಗೆಯುವ ಸ್ವಭಾವ ಇಲ್ಲ. ಸುಗ್ಗಿಗೆ, ಅಂದರೆ ಎರಡನೆಯ ಬೆಳೆಗೆ, ಉದ್ದು, ಅಲಸಂಡೆ ಹಾಕುವವರಿಗೆ, ಕುಂದಾಪುರದ ಕಡೆ ನೆಲಗಡಲೆ ಬೆಳೆಯುವವರಿಗೆ ಬಳ್ಳಿಯ ಮೇವನ್ನು ಸೊಸೈಟಿಗೆ ಮಾರುವ ವ್ಯವಸ್ಥೆ ಮಾಡಿಕೊಡಿ. ನೀರು ನಿಂತ ಗದ್ದೆಗೆ ಇವು ಯಾವುದೂ ಆಗುವುದಿಲ್ಲ, ಒಪ್ಪುತ್ತೇನೆ. ಅಲ್ಲಿಗೆ ಭತ್ತವನ್ನೇ ಎರಚಿ, ಹಾಲುಗಾಳಿನ ಹಂತದಲ್ಲಿ ಮೇವಿಗೆ ಕೊಯ್ದರೆ ಗದ್ದೆ ಗದ್ದೆಯಾಗಿಯೇ ಉಳಿಯುತ್ತದೆ. ನಮ್ಮ ಕಾಲು ಮುಡಿಯ ಸಣ್ಣ ಗದ್ದೆಯಲ್ಲಿ ಈ ಸಲ ಹಾಗೇ ಮಾಡುವವಳಿದ್ದೇನೆ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು, ಕೃಷಿ ವಿಜ್ಞಾನ ಕೇಂದ್ರದವರು ಒಮ್ಮೆ ಬಂದು ನೋಡಿ ತಪ್ಪಿದ್ದರೆ ತಿದ್ದಲಿ.

ಕೊನೆಗೆ ದೂರದ ಊರಿನಲ್ಲಿರುವ ನಮ್ಮವರಲ್ಲಿ. ನಿಮ್ಮ ಹಡಿಲು ಗದ್ದೆಗೆ ನಾವು ಕತ್ತಿ ಹಿಡಿದು ಇಳಿದರೆ ನಿಮಗೆ ಫೋನು ಹೋಗುತ್ತದೆ, ನಿಮ್ಮಿಂದ ನಮಗೆ ಫೋನು ಬರುತ್ತದೆ. ನಿಮ್ಮ ಹೆದರಿಕೆ ನನಗೆ ಗೊತ್ತು. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿಯವರು ಡಿಕ್ಲರೇಶನ್ (ಭೂಮಿ ತಮಗೆ ಸೇರಬೇಕೆಂಬ ಅರ್ಜಿ) ಕೊಟ್ಟು ಭೂಮಿ ಅವರಿಗೆ ಹೋದ ಕಥೆ ಪ್ರತಿ ಮನೆಯಲ್ಲೂ ಇದೆ. ನಮ್ಮ ಮಾವನವರೂ ಡಿಕ್ಲರೇಶನ್ ಕೊಟ್ಟೇ ಈ ಗದ್ದೆ ಪಡೆದವರು, ಮುಚ್ಚಿಡುವುದು ಎಂಥದ್ದು. ಆದರೆ ಆ ಅರ್ಜಿಯ ಕಾಲ ಎಂದೋ ಮುಗಿದಿದೆ, ಹುಲ್ಲು ಹೆರೆದವರಿಗೆ ಪಹಣಿಯಲ್ಲಿ ಹೆಸರು ಬರುವುದಿಲ್ಲ. ಬೇಕಾದರೆ ಪಂಚಾಯತಿನವರು ಒಂದು ಸಾದಾ ಒಪ್ಪಿಗೆ ಪತ್ರದ ನಮೂನೆ ಮಾಡಿಕೊಡಲಿ: ಇಂಥ ಗದ್ದೆಯ ಹುಲ್ಲನ್ನು ಇಂಥ ವರ್ಷ ಇಂಥವರು ಹೆರೆಯಬಹುದು, ಬೇರೆ ಹಕ್ಕು ಇಲ್ಲ. ಸಹಿ ಹಾಕಿ ವಾಟ್ಸಾಪಿನಲ್ಲಿ ಕಳಿಸಿ. ಮುಂದೆ ನೀವೋ ನಿಮ್ಮ ಮಕ್ಕಳೋ ಬಂದು ಉಳುತ್ತೇವೆ ಎನ್ನುವ ದಿನ ಗದ್ದೆ ಬೋಳಾಗಿ ನಿಮ್ಮ ಕೈಗೆ ಸಿಗುತ್ತದೆ.

ಆ ಗೋಣಿ ಏನಾಯಿತು ಎಂದು ಕೇಳುವಿರಾದರೆ, ದಂಟನ್ನೆಲ್ಲ ಸಣ್ಣಗೆ ಕೊಚ್ಚಿ ಹಿಂಡಿಯ ಜೊತೆ ಕಾವೇರಿಗೆ ಹಾಕಿದೆ. ಗೋಣಿಯನ್ನು ಬಾವಿಕಟ್ಟೆಯ ಬಳಿ ಕೊಡವಿ ಒಣಹಾಕಿದ್ದೂ ನಾನೇ. ಚೌತಿಯ ಹೊತ್ತಿಗೆ ಅಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಮೂರು ಗರಿ ಎದ್ದಿತ್ತು. ಎರಡು ಸಲ ಕಿತ್ತಿದ್ದೇನೆ. ನಿನ್ನೆ ಸಂಜೆಯ ಮಳೆಗೆ ಮತ್ತೆ ಬಂದಿದೆ.

ಇತಿ,
ಬಾರ್ಕೂರಿನ ಕಡೆಯ ಒಬ್ಬಳು ಹೈನುಗಾರ್ತಿ